ಕಂಟ್ರೋಲ್ ಓದಿದವರು ನ್ಯಾನೋ ಲ್ಯಾಬಿಗೆ ಬರಬೇಕಾದರೆ

"ಸರ್, ಕಂಟ್ರೋಲ್ ಇಂಜಿನಿಯರಿಂಗ್ ಇಷ್ಟ. ನ್ಯಾನೋಗೆ ಬರಬೇಕಾದರೆ ಮತ್ತೆ ಕೆಮಿಸ್ಟ್ರಿ ಓದಬೇಕಾ?" ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬೇಡ. ನಿಮ್ಮ ಕಂಟ್ರೋಲ್‌ಗೇ ಅಲ್ಲಿ ಬೇಕಾದಷ್ಟು ಕೆಲಸ ಇದೆ.

ಎಎಫ್‌ಎಂ, ಅಂದರೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್ ನೋಡಿ. 1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಮೂವರು ಜಗತ್ತಿಗೆ ಕೊಟ್ಟ ಮೈಕ್ರೋಸ್ಕೋಪ್. ಚೂಪಾದ ಮೊನೆಯೊಂದು ಮೇಲ್ಮೈಯನ್ನು ಸವರುತ್ತಾ ಹೋಗುತ್ತದೆ. ಉಬ್ಬು ತಗ್ಗು ಬಂದಾಗ ಮೊನೆಯ ಒತ್ತಡ ಬದಲಾಗದಂತೆ ನೋಡಿಕೊಳ್ಳುವುದು ಫೀಡ್‌ಬ್ಯಾಕ್. ಬಹಳಷ್ಟು ಯಂತ್ರಗಳಲ್ಲಿ ಅದು ನೀವು ಬಿಇಯಲ್ಲಿ ಓದಿದ, ಈಗಿನ ತಪ್ಪು ಮತ್ತು ಕೂಡುತ್ತಾ ಬಂದ ತಪ್ಪು ಎರಡನ್ನೂ ನೋಡಿ ತಿದ್ದುವ ಪಿಐ ಕಂಟ್ರೋಲರೇ.

ನನ್ನ ಪಿಎಚ್‌ಡಿ ಶುರುವಾಗಿದ್ದು ಗ್ರಾಫೈಟ್ ತುಂಡಿನಿಂದ. ಸೆಲ್ಲೋಟೇಪ್ ಅಂಟಿಸಿ ಎಳೆದರೆ ಮೇಲಿನ ಪದರ ಕಿತ್ತು ಬಂದು ಹೊಸ ಮೈ ಕಾಣುತ್ತದೆ. ಆ ಮೈಮೇಲೆ ಒಂದು ಪದರ ಮುಗಿಯುವಲ್ಲಿ ಕಾಣುವ ಮೆಟ್ಟಿಲ ಎತ್ತರ 0.335 ನ್ಯಾನೋಮೀಟರ್. ಸ್ಕ್ಯಾನ್ ಮಾಡಿದರೆ ಹೋಗುವಾಗ ಕಂಡ ಮೆಟ್ಟಿಲು, ವಾಪಸ್ ಬರುವಾಗ ಪಕ್ಕಕ್ಕೆ ಸರಿದಿತ್ತು. ಮೂರು ವಾರ ಕಂಟ್ರೋಲರಿನ ಗೇನ್ (ತಪ್ಪಿಗೆ ಎಷ್ಟು ಜೋರಾಗಿ ಸ್ಪಂದಿಸಬೇಕೆಂಬ ಅಳತೆ) ತಿರುಗಿಸಿದೆ, ಸರಿಹೋಗಲಿಲ್ಲ. ಕೊನೆಗೆ ವೇಗವನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿದೆ. ಫೀಡ್‌ಬ್ಯಾಕ್ ಹಿಂದೆ ಬೀಳುತ್ತಿದ್ದರೆ ಅಂತರ ಕಡಿಮೆಯಾಗಬೇಕಿತ್ತು, ಅಲ್ವಾ? ಆಗಲಿಲ್ಲ. ಹಾಗಾದರೆ ತೊಂದರೆ ಪೀಝೋದಲ್ಲಿ, ಅಂದರೆ ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗಿ ಸ್ಕ್ಯಾನ್ ಮಾಡಿಸುವ ವಸ್ತುವಿನಲ್ಲಿ. ವೋಲ್ಟೇಜ್ ಏರುವಾಗ ಅದು ಒಂದು ದಾರಿ ಹಿಡಿಯುತ್ತದೆ, ಇಳಿಯುವಾಗ ಇನ್ನೊಂದು. ಸೆನ್ಸರ್ ಇಲ್ಲದೆ ಓಡಿಸಿದರೆ ಈ ಹಿಸ್ಟರೆಸಿಸ್ ಒಟ್ಟು ಚಲನೆಯ ನೂರಕ್ಕೆ 10-15ರಷ್ಟು ಬರಬಹುದು. ನನ್ನ ಥೀಸಿಸ್ ಅಲ್ಲೇ ಸಿಕ್ಕಿತು. ಅದಕ್ಕೇ ಹೇಳುತ್ತೇನೆ, ವಿಷಯ ಹುಡುಕುವ ಮೊದಲು ಒಂದು ಯಂತ್ರದ ಜೊತೆ ದಿನಗಟ್ಟಲೆ ಕೂರಿ.

ಯಂತ್ರ ಇನ್ನೂ ಸಿಕ್ಕಿಲ್ಲವಾ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪೀಝೋ ಬಜರ್ ಬಿಲ್ಲೆ ತುಂಬಾ ಅಗ್ಗಕ್ಕೆ ಸಿಗುತ್ತದೆ. ಸಿಗ್ನಲ್ ಜನರೇಟರಿಗೆ ಜೋಡಿಸಿ ಫ್ರೀಕ್ವೆನ್ಸಿ ನಿಧಾನವಾಗಿ ಏರಿಸಿ. ಕೆಲವು ಕಿಲೋಹರ್ಟ್ಸ್ ಹತ್ತಿರ ಸದ್ದು ಥಟ್ಟನೆ ಜೋರಾಗುತ್ತದೆ. ಅದೇ ರೆಸೋನೆನ್ಸ್. ಎಎಫ್‌ಎಂ ಸ್ಕ್ಯಾನರ್ ವೇಗವಾಗಿ ಓಡದಂತೆ ತಡೆಯುವುದೂ ಇಂಥದ್ದೇ.

ಎಂ.ಟೆಕ್, ಪಿಎಚ್‌ಡಿ ಪ್ರವೇಶಕ್ಕೆ ಗೇಟ್ ಪರೀಕ್ಷೆ ಬರೆಯುವವರು ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟೇಶನ್‌ನಲ್ಲಿ ತಮಗೆ ಹಿಡಿತ ಇರುವ ಪೇಪರ್ ಬರೆಯಲಿ. ಸ್ಕೋರ್ 3 ವರ್ಷ ನಡೆಯುತ್ತದೆ. ನಿಮ್ಮ ಕಾಲೇಜಿನಲ್ಲಿ ಸೌಲಭ್ಯ ಇಲ್ಲದಿದ್ದರೆ ಐಎನ್‌ಯುಪಿ ಬಗ್ಗೆ ವಿಚಾರಿಸಿ. ಬೆಂಗಳೂರಿನ ಐಐಎಸ್‌ಸಿ, ಐಐಟಿ ಬಾಂಬೆಯಂಥ ಕಡೆ ಹೊರಗಿನ ಸಂಶೋಧಕರಿಗೂ ತರಬೇತಿ ಕೊಟ್ಟು ನ್ಯಾನೋ ಲ್ಯಾಬಿನ ಬಾಗಿಲು ತೆರೆಯುವ ಯೋಜನೆ ಅದು.

ಗೈಡ್ ಆರಿಸುವಾಗ ಅವರ ಪೇಪರ್ ಪಟ್ಟಿ ಮಾತ್ರ ನೋಡಬೇಡಿ. ಅವರ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಹಿಡಿದು "ವಾರಕ್ಕೆ ಎಷ್ಟು ಗಂಟೆ ಮೆಷಿನ್ ಸಿಗುತ್ತೆ?" ಅಂತ ಕೇಳಿ. ಎರಡು ಗಂಟೆ ಅಂದರೆ ಇನ್ನೊಂದು ಕಡೆ ನೋಡಿ.

ಪೇಪರ್ ಬರೆಯುವುದರಲ್ಲಿ ಒಂದು ಕಷ್ಟ ಇದೆ. ಕಂಟ್ರೋಲ್‌ನವರು ಸ್ಟೆಬಿಲಿಟಿಗೆ (ಸಿಸ್ಟಮ್ ಹದ ತಪ್ಪುವುದಿಲ್ಲ ಎಂಬುದಕ್ಕೆ) ಗಣಿತದ ಪುರಾವೆ ಕೇಳುತ್ತಾರೆ, ಉಪಕರಣದವರು ಚಿತ್ರ ಕೇಳುತ್ತಾರೆ. ಇಬ್ಬರಿಗೂ ಒಂದೇ ಪೇಪರಿನಲ್ಲಿ ಉತ್ತರ ಕೊಡಲು ಹೋಗಿ ನಾನು ಎರಡೂ ಕಡೆ ತಿರಸ್ಕಾರ ಪಡೆದೆ. ಕೆಲಸ ನಿಜವಾಗಿ ಎರಡು ಪೇಪರಿನಷ್ಟಿದ್ದರೆ ಬೇರೆ ಬೇರೆಯಾಗಿ ಬರೆಯಿರಿ.

ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ "ನೀವು ಎಲೆಕ್ಟ್ರಿಕಲ್‌ನವರಾ, ಫಿಸಿಕ್ಸ್‌ನವರಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಒಂದು ಕಡೆ ಈ ಪ್ರಶ್ನೆಯಲ್ಲೇ ನನ್ನ ಕೆಲಸ ಕೈತಪ್ಪಿತು, ಬಹಳ ನೋವಾಯಿತು. ಮುಂದಿನ ಸಲ ಒಂದೇ ಹಾಳೆಯಲ್ಲಿ ಎರಡು ಚಿತ್ರ ಒಯ್ದೆ: ನನ್ನ ಕಂಟ್ರೋಲರ್ ಇಲ್ಲದೆ ತೆಗೆದದ್ದು, ಇಟ್ಟು ತೆಗೆದದ್ದು. ಮಾದರಿ ಅದೇ, ವೇಗವೂ ಅದೇ. ಹಾಳೆ ಮೇಜಿನ ಮೇಲಿಟ್ಟು, ಎರಡನೆಯದರಲ್ಲಿ ಮೆಟ್ಟಿಲುಗಳು ಯಾಕೆ ನೇರವಾಗಿವೆ ಎಂದು ವಿವರಿಸಿದೆ. ನೀವೂ ಅಂಥ ಒಂದು ಹಾಳೆ ಸಿದ್ಧ ಮಾಡಿಕೊಳ್ಳಿ.