ಭುಜಕ್ಕೆ ರಜೆ ಎಲ್ಲಿಂದ ತರೋದು?

ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡುವವರಿಗೆ ಭುಜ ನೋವು ಬಂದರೆ 'ಎರಡು ವಾರ ರೆಸ್ಟ್ ಮಾಡಿ' ಅನ್ನೋ ಮಾತು ನಡೆಯಲ್ಲ. ಬೆಂಗಳೂರಿನಲ್ಲಿ ನನ್ನ ಹತ್ತಿರ ಫಿಸಿಯೊಥೆರಪಿಗೆ ಬರುವ ಹುಡುಗನೊಬ್ಬ ನೇರವಾಗಿಯೇ ಕೇಳಿದ್ದ: "ಆಟ ಬಿಡ್ತೀನಿ ಮೇಡಂ. ಬಾತ್‌ರೂಮಿಗೆ ಹೋಗೋದನ್ನ ಹೆಂಗೆ ಬಿಡ್ಲಿ?" ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಆಮೇಲೆ ಆಟೊಗೆ. ಮೈಭಾರವೆಲ್ಲ ಅದೇ ಎರಡು ಭುಜದ ಮೇಲೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲೂ ಅತಿ ಹೆಚ್ಚು ಗಾಯ ದಾಖಲಾಗಿದ್ದು ಭುಜಕ್ಕೇ.

ಅದಕ್ಕೇ ನಾನು ಚಿಕಿತ್ಸೆ ಶುರು ಮಾಡೋದು ಮನೆಯಿಂದ. ಈ ಹುಡುಗನ ಮಂಚ ಕುರ್ಚಿಗಿಂತ ತಗ್ಗು. ಮಂಚದ ಕಾಲಿಗೆ ಮರದ ತುಂಡು ಕೊಟ್ಟು ಸಮ ಮಾಡಿಸಿದೆವು. ಮೈ ಎತ್ತಿ ಹಾಕುವ ಬದಲು ಜಾರಿಕೊಂಡು ದಾಟಲು ನುಣುಪಾದ ಹಲಗೆ ಕೊಟ್ಟೆ. ಎತ್ತರದ ಶೆಲ್ಫಿನಲ್ಲಿದ್ದ ಸಾಮಾನೆಲ್ಲ ಕೆಳಗಿಳಿಯಿತು. ಅವರಮ್ಮನಿಗೆ ಅಡುಗೆಮನೆ ಕೆಟ್ಟಿತು ಅಂತ ಸ್ವಲ್ಪ ಬೇಜಾರು!

ಆಮೇಲೆ ಕುರ್ಚಿ. ದೊಡ್ಡ ಚಕ್ರದ ಆಕ್ಸಲ್ ತುಸು ಮುಂದಕ್ಕೆ ತಂದರೆ ತಳ್ಳಲು ಹಗುರ. ಜಾಸ್ತಿ ತಂದರೆ ಹಿಂದಕ್ಕೆ ಮಗುಚುತ್ತೆ. ಹಿಂದೆ ಒಬ್ಬರನ್ನು ನಿಲ್ಲಿಸಿಕೊಂಡು ಸ್ವಲ್ಪಸ್ವಲ್ಪವೇ ಸರಿಸಬೇಕು. ಟೈರಿಗೆ ಸರಿಯಾಗಿ ಗಾಳಿ ಹೊಡೆಸೋದಂತೂ ನನಗೆ ಗೊತ್ತಿರುವ ಅತಿ ಅಗ್ಗದ ಔಷಧ.

ತಳ್ಳಿ ತಳ್ಳಿ ಎದೆಯ ಸ್ನಾಯು ಬಿಗಿಯಾಗಿ, ಭುಜ ಮುಂದಕ್ಕೆ ಬಾಗಿರುತ್ತೆ. ಆ ಸ್ಥಿತಿಯಲ್ಲಿ ತಲೆ ಮೇಲೆ ಕೈ ಎತ್ತಿ ಬಾಲ್ ಎಸೆದರೆ ನೋವು ಕೆರಳುತ್ತೆ. ಎದೆ ಸಡಿಲಿಸುವ ಸ್ಟ್ರೆಚ್, ರಬ್ಬರ್ ಬ್ಯಾಂಡ್ ಹಿಂದಕ್ಕೆಳೆಯುವ ವ್ಯಾಯಾಮ ಕೊಟ್ಟೆ. ಕೋಚ್ ಹತ್ತಿರ ಮಾತಾಡಿ ಶೂಟಿಂಗ್ ಕಡಿಮೆ ಮಾಡಿಸಿ ಡ್ರಿಬ್ಲಿಂಗ್ ಹೆಚ್ಚಿಸಿದೆವು. ತಂಡದಿಂದ ಹೊರಗೆ ಕೂರಿಸಲಿಲ್ಲ.

ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶ ಇಲ್ಲದ ಕಡೆ, ಕೂತು ಕೂತು ಹುಣ್ಣಾಗುತ್ತಿದ್ದರೂ ನೋವು ಎಚ್ಚರಿಸಲ್ಲ. ಪ್ರಾಕ್ಟೀಸ್ ಮುಗಿದ ಮೇಲೆ ಕನ್ನಡಿ ಹಿಡಿದು ಕೂರುವ ಜಾಗದ ಚರ್ಮ ನೋಡಿಕೊಳ್ಳಬೇಕು. ಬಣ್ಣ ಬದಲಾದ ಕಲೆ ಹಾಗೇ ಉಳಿದರೆ ಆ ಜಾಗದ ಮೇಲೆ ಕೂರೋದೇ ಬೇಡ.

ಬೆನ್ನುಹುರಿಗೆ ಟಿ-6 (ಎದೆಭಾಗದ ಆರನೇ ಬೆನ್ನುಮೂಳೆಯ ಮಟ್ಟ) ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇನ್ನೊಂದು ಅಪಾಯ: ಮೂತ್ರ ಕಟ್ಟಿದರೂ, ಬೆಲ್ಟ್ ಬಿಗಿಯಾದರೂ ಬಿಪಿ ಸರ್ರನೆ ಏರಬಹುದು. ತಲೆ ಸಿಡಿಯುತ್ತೆ, ಮುಖ ಬೆವರುತ್ತೆ. ನೆಟ್ಟಗೆ ಕೂರಿಸಿ, ಬೆಲ್ಟ್ ಸಡಿಲಿಸಿ, ಮೂತ್ರಚೀಲದ ಪೈಪ್ ಮಡಚಿದೆಯಾ ನೋಡಿ. ಇಳಿಯದಿದ್ದರೆ ಸೀದಾ ಆಸ್ಪತ್ರೆಗೆ. ಡ್ಯೂಟಿ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಬೆನ್ನುಹುರಿಯ ಪೆಟ್ಟು ಎಷ್ಟು ಮೇಲಿದೆ ಅನ್ನೋದು. ತಲೆನೋವಿನ ವಿಷಯ ಆಮೇಲೆ.