ಡಿಸರ್ಟೇಶನ್‌ಗೆ ವಿಷಯ: ಮೊದಲು ದಾಖಲೆ ಹುಡುಕಿ, ಶೀರ್ಷಿಕೆ ಆಮೇಲೆ

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರ ಸಿನಾಪ್ಸಿಸ್‌ಗಳನ್ನು, ಅಂದರೆ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಶುರುಮಾಡುವ ಮೊದಲು ಕೊಡುವ ಸಾರಾಂಶಗಳನ್ನು, ನೋಡುತ್ತಾ ಬಂದಿದ್ದೇನೆ. ಎಡವುವುದು ಒಂದೇ ಜಾಗದಲ್ಲಿ. ‘ಭಾರತದ ನಿರ್ಮಾಣ ಕ್ಷೇತ್ರದಲ್ಲಿ ವಿಳಂಬಕ್ಕೆ ಕಾರಣಗಳು’ ಎಂದು ಶೀರ್ಷಿಕೆ ಬರೆದು ಗೈಡ್ ಸಹಿ ಹಾಕಿಸಿಕೊಳ್ಳುತ್ತಾರೆ. ಮಾಹಿತಿ ಹುಡುಕಲು ಹೊರಡುವುದು ಆಮೇಲೆ. ಸಿಗದಿದ್ದಾಗ ಗೂಗಲ್ ಫಾರ್ಮ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಅದನ್ನು ತುಂಬಿ ಕಳಿಸುವವರು ಸೈಟ್ ನಡೆಸಿದವರಲ್ಲ, ಸಹಪಾಠಿಗಳು. ಅಂಥ ಉತ್ತರಗಳಿಂದ ಏನೂ ತಿಳಿಯುವುದಿಲ್ಲ.

ಮೊದಲ ಹೆಜ್ಜೆ ಸುಲಭ. ಸಮಯ, ವೆಚ್ಚ, ಗುಣಮಟ್ಟ, ಸುರಕ್ಷತೆ, ಕೂಲಿಕಾರರು, ಸಾಮಗ್ರಿ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಕಾಮಗಾರಿಯ ವೇಳಾಪಟ್ಟಿ ಹಾಕುವ ಪ್ರಿಮಾವೆರಾ ಸಾಫ್ಟ್‌ವೇರ್ ಕಲಿತಿದ್ದೇನೆ ಎಂಬ ಕಾರಣಕ್ಕೆ ವಿಷಯ ಆರಿಸಬೇಡಿ. ಸಾಫ್ಟ್‌ವೇರ್ ಉಪಕರಣವೇ ಹೊರತು ಪ್ರಶ್ನೆಯಲ್ಲ.

ಎರಡನೆಯದು, ಯಾರು ನಿಮಗೆ ಪುಸ್ತಕ ತೆರೆದು ತೋರಿಸುತ್ತಾರೆ ಎಂದು ನೋಡಿಕೊಳ್ಳುವುದು. 2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ, 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆದ, ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಎಲ್ಲರ ಕಣ್ಣನ್ನೂ ಸೆಳೆಯುತ್ತವೆ. ಆದರೆ ದೊಡ್ಡ ಕಾಮಗಾರಿಗಳ ಒಳಗಿನ ಲೆಕ್ಕ ವಿದ್ಯಾರ್ಥಿಯ ಕೈಗೆ ಸಿಗುವುದು ಕಷ್ಟ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಮನೆ ಕಟ್ಟಿಸುವ ಗುತ್ತಿಗೆದಾರರ ಹಾಜರಿ ಪುಸ್ತಕ, ಸಿಮೆಂಟ್ ಬಿಲ್ಲು, ಸೈಟ್ ಡೈರಿ ಸಿಕ್ಕರೆ ಅದೇ ಚಿನ್ನ. ಹೆಸರು ಬಹಿರಂಗ ಮಾಡುವುದಿಲ್ಲ ಎಂದು ಮಾತು ಕೊಡಿ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ‘ಬನ್ನಿ, ಕೊಡೋಣ’ ನಂಬಿಕೊಂಡು ಸಿನಾಪ್ಸಿಸ್ ಕೊಡಬೇಡಿ.

ಮೂರನೆಯದೇ ನಿಜವಾಗಿ ಕಷ್ಟದ್ದು: ವಿಷಯವನ್ನು ಕಿರಿದಾಗಿಸುವುದು. ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. ‘ಮಲೆನಾಡಿನಲ್ಲಿ ಮಳೆಯಿಂದ ಕಾಮಗಾರಿ ವಿಳಂಬ’ ಎಂಬುದು ಇನ್ನೂ ಪ್ರಶ್ನೆಯಾಗಿಲ್ಲ. ಮಳೆ ಬಂದರೆ ಕೆಲಸ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯಾವ ಕೆಲಸ ನಿಲ್ಲುತ್ತದೆ? ಪಾಯ ತೆಗೆಯುವುದು, ಸ್ಲ್ಯಾಬ್ ಹಾಕುವುದು, ಹೊರಗಿನ ಪ್ಲಾಸ್ಟರ್, ಒಳಗಿನ ಪ್ಲಾಸ್ಟರ್ ಎಲ್ಲ ಒಂದೇ ಮಳೆಗೆ ನಿಲ್ಲುವುದಿಲ್ಲ. ಎಷ್ಟು ಮಳೆಗೆ? ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 2.5 ಮಿ.ಮೀ. ಬಿದ್ದರೂ ಅದು ‘ಮಳೆ ದಿನ’. ಆಗುಂಬೆಯ ಕಡೆ ಅಷ್ಟಕ್ಕೆ ಯಾವ ಮೇಸ್ತ್ರಿಯೂ ಕರಣೆ ಕೆಳಗಿಡುವುದಿಲ್ಲ. ಹಾಗಾದರೆ ನಮ್ಮ ಕಡೆ ಒಂದೊಂದು ಕೆಲಸವೂ ನಿಲ್ಲುವ ಮಳೆಯ ಮಿತಿ ಎಷ್ಟು? ಇದು ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ಗುತ್ತಿಗೆಯ ಅವಧಿ ನಿಗದಿ ಮಾಡುವವರಿಗೆ ನಾಳೆಯೇ ಉಪಯೋಗಕ್ಕೆ ಬರುತ್ತದೆ.

ಇಲ್ಲೇ ಕಾಲದ ಲೆಕ್ಕವೂ ಬೇಕು. ನಿಮ್ಮ ಪ್ರಾಜೆಕ್ಟ್ ಅವಧಿ ಬೇಸಿಗೆಯಲ್ಲಿ ಮುಗಿಯುವುದಾದರೆ ಆರಿದ್ರಾ, ಪುನರ್ವಸು ಮಳೆ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ವರ್ಷಗಳ ಡೈರಿ ಇದ್ದರೆ ಮಾತ್ರ ಈ ವಿಷಯ ಹಿಡಿಯಿರಿ. ಇನ್ನೊಂದು ಸೂಕ್ಷ್ಮ: ಮಳೆಮಾಪನ ಕೇಂದ್ರದಲ್ಲಿ ಬೆಳಿಗ್ಗೆ 8.30ಕ್ಕೆ ಬರೆದುಕೊಳ್ಳುವ ಅಂಕಿ ಹಿಂದಿನ 24 ಗಂಟೆಯದು. ಡೈರಿಯ ತಾರೀಕಿನ ಪಕ್ಕಕ್ಕೆ ಅದೇ ತಾರೀಕಿನ ಮಳೆ ಇಟ್ಟರೆ ಇಡೀ ಲೆಕ್ಕ ಒಂದು ದಿನ ಜರುಗುತ್ತದೆ. ರಾತ್ರಿಯಿಡೀ ಸುರಿದು ಹಗಲು ಬಿಡುವು ಕೊಟ್ಟ ದಿನಗಳನ್ನು ಮೇಸ್ತ್ರಿಯನ್ನು ಕೇಳಿಯೇ ಗುರುತಿಸಬೇಕು. ಅವರ ಮುಂದೆ ಕೂತು ಕನ್ನಡದಲ್ಲಿ ಕೇಳಿ. ಇಂಗ್ಲಿಷ್ ಪ್ರಶ್ನಾವಳಿ ಕೈಗಿಟ್ಟು ಬರಬೇಡಿ.

ಸೈಟಿಗೆ ಅಲೆಯಲು ಆಗದವರಿಗೆ ಬೇರೆ ದಾರಿಯಿದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಂತೆ ನೋಂದಾಯಿತ ಯೋಜನೆಗಳ ಪ್ರಗತಿಯನ್ನು ಬಿಲ್ಡರ್‌ಗಳು ಮೂರು ತಿಂಗಳಿಗೊಮ್ಮೆ ರೇರಾ ಜಾಲತಾಣದಲ್ಲಿ ಹಾಕಬೇಕು. ಹೇಳಿದ ದಿನಕ್ಕೂ ಮುಗಿದ ದಿನಕ್ಕೂ ಇರುವ ಅಂತರ ಅಲ್ಲಿಂದಲೇ ಅಧ್ಯಯನ ಮಾಡಬಹುದು. ‘ರೆಡಿ ಪ್ರಾಜೆಕ್ಟ್’ ಮಾರುವ ಅಂಗಡಿಗಳ ಕಡೆ ಮಾತ್ರ ಹೋಗಬೇಡಿ. ನಕಲು ಪತ್ತೆ ತಂತ್ರಾಂಶದಿಂದ ತಪ್ಪಿಸಿಕೊಂಡರೂ ‘ಈ ಅಂಕಿ ಎಲ್ಲಿಂದ ತಂದೆಯಪ್ಪಾ?’ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ಉತ್ತರ ಇರುವುದಿಲ್ಲ.

ನಾಲ್ಕನೆಯದು, ಖಾಲಿ ಕೋಷ್ಟಕ. ಪ್ರಬಂಧದ ಕೊನೆಯಲ್ಲಿ ಬರಬೇಕಾದ ಮುಖ್ಯ ಕೋಷ್ಟಕವನ್ನು ಈಗಲೇ ಗೆರೆ ಎಳೆದು ಬರೆಯಿರಿ: ಅಡ್ಡಸಾಲಿನಲ್ಲಿ ಕೆಲಸಗಳು, ಉದ್ದಸಾಲಿನಲ್ಲಿ ಮಳೆಯ ಪ್ರಮಾಣ. ಒಂದು ತಿಂಗಳ ಡೈರಿ ಹಿಡಿದು, ಆ ಮಳೆಗೆ ಆ ಕೆಲಸ ನಡೆಯಿತೋ ನಿಂತಿತೋ ಎಂದು ಕೋಷ್ಟಕದ ಮನೆಗಳನ್ನು ತುಂಬಿ ನೋಡಿ. ತುಂಬಲಾಗದ ಉದ್ದಸಾಲು ಇದ್ದರೆ ಅದನ್ನು ಕೈಬಿಡಿ. ಅರ್ಧಕ್ಕರ್ಧ ಖಾಲಿ ಉಳಿದರೆ ವಿಷಯವನ್ನೇ ಬದಲಿಸಿ. ಗೈಡ್ ಬಳಿ ಹೋಗುವಾಗ ಈ ಹಾಳೆಯನ್ನೂ ಗುತ್ತಿಗೆದಾರರ ಒಪ್ಪಿಗೆ ಪತ್ರವನ್ನೂ ಒಯ್ಯಿರಿ. ತಾಲ್ಲೂಕು, ಕೆಲಸ, ಅವಧಿ ಮೂರೂ ಇರುವ ಶೀರ್ಷಿಕೆಯನ್ನು ಅಲ್ಲೇ ಅವರೊಡನೆ ಕೂತು ಬರೆಯಬಹುದು.