ತರಗತಿಯಲ್ಲಿ 1914ರ ಜುಲೈ: ಮಾತುಕತೆ ಮುರಿದು ಯುದ್ಧವಾಗುವುದನ್ನು ಆಡಿಸಿ ತೋರಿಸುವ ಬಗೆ

ಮೊದಲ ಮಹಾಯುದ್ಧಕ್ಕೆ ಕಾರಣವೇನು ಎಂದರೆ ಪಿಯುಸಿ ಮಕ್ಕಳು ಸಾಮ್ರಾಜ್ಯಶಾಹಿ, ಸೈನಿಕ ಒಪ್ಪಂದ, ಉಗ್ರ ರಾಷ್ಟ್ರೀಯತೆ ಎಂದು ಪಟಪಟನೆ ಒಪ್ಪಿಸುತ್ತಾರೆ. ಇವೆಲ್ಲ 1912ರಲ್ಲೂ ಇದ್ದವು, 1913ರಲ್ಲೂ ಇದ್ದವು. ಆಗ ಮಹಾಯುದ್ಧ ಯಾಕಾಗಲಿಲ್ಲ ಎಂದು ಕೇಳಿ ನೋಡಿ, ತರಗತಿ ಸುಮ್ಮನಾಗುತ್ತದೆ. ಉತ್ತರದ ದೊಡ್ಡ ಪಾಲು ಗಡಿಯಾರದಲ್ಲಿದೆ. 1914ರ ಜುಲೈ ಕೊನೆಗೆ, ಕುಳಿತು ಯೋಚಿಸಲು ಬೇಕಾದ ಹೊತ್ತಿಗಿಂತ ಗಡುವು ಚಿಕ್ಕದಾಗಿಬಿಟ್ಟಿತ್ತು. ಇದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳಿಗೆ ತಟ್ಟುವುದಿಲ್ಲ, ಆಡಿಸಿದರೆ ತಟ್ಟುತ್ತದೆ. ಹಾಸನ, ಚಿಕ್ಕಮಗಳೂರು ಕಡೆಯ ಯಾವ ಕಾಲೇಜಿನಲ್ಲಾದರೂ ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಸಾಕು.

ಬೇಕಾಗುವುದು 32 ಮಕ್ಕಳು. ಸರ್ಬಿಯಾ, ಆಸ್ಟ್ರಿಯಾ-ಹಂಗೇರಿ, ಜರ್ಮನಿ, ರಷ್ಯಾ, ಫ್ರಾನ್ಸ್, ಬ್ರಿಟನ್ ಎಂದು ಐದೈದು ಜನರ ಆರು ಗುಂಪು, ಇಬ್ಬರು ಅಂಚೆಯವರು. ಪ್ರತಿ ಗುಂಪಿನಲ್ಲಿ ದೇಶದ ಮುಖ್ಯಸ್ಥ, ವಿದೇಶಾಂಗ ಮಂತ್ರಿ, ಸೇನಾ ಮುಖ್ಯಸ್ಥ, ರಾಯಭಾರಿ, ತಂತಿ ಬರೆಯುವ ಗುಮಾಸ್ತ. ನೋಟ್‌ಬುಕ್ ಹಾಳೆಯನ್ನು ನಾಲ್ಕಾಗಿ ಹರಿದು ಚೀಟಿ ಮಾಡಿಕೊಳ್ಳಿ, ಗುಂಪಿಗೆ 40 ಇರಲಿ. ಬಾರಿಸಲು ಒಂದು ಗಂಟೆ, ಎಲ್ಲರಿಗೂ ಕಾಣುವ ಒಂದು ಗಡಿಯಾರ. ಗುಂಪುಗಳನ್ನು ಎರಡು ಕೋಣೆಗೆ ಹಂಚಿ. ಒಂದೇ ಕೋಣೆಯಲ್ಲಿ ಕೂರಿಸಿದರೆ ಮಕ್ಕಳು ಕೂಗಿಕೊಂಡೇ ಸಂಧಾನ ಮುಗಿಸಿಬಿಡುತ್ತಾರೆ.

ಲೆಕ್ಕ ಸುಲಭ: ಒಂದು ದಿನಕ್ಕೆ 5 ನಿಮಿಷ. ಆಟ ಶುರುವಾಗುವುದು ಜುಲೈ 23ರ ಸಂಜೆ 6ಕ್ಕೆ, ಮುಗಿಯುವುದು ಆಗಸ್ಟ್ 4ರ ರಾತ್ರಿ 11ಕ್ಕೆ, ಅಂದರೆ 61 ನಿಮಿಷ. ಪ್ರತಿ ಚೀಟಿಯೂ ಅಂಚೆಯವರ ಕೈಯಲ್ಲಿ ಪೂರ್ತಿ ಒಂದು ನಿಮಿಷ ಇರಲೇಬೇಕು. ತಂತಿಯನ್ನು ಸಂಕೇತಕ್ಕೆ ಇಳಿಸಿ, ಕಳಿಸಿ, ಬಿಡಿಸಿ ಓದುವ ಹೊತ್ತು ಅದು.

ಗಂಟೆ ಹೊಡೆಯುವ ಮುಂಚೆ 10 ನಿಮಿಷ ಹಿನ್ನೆಲೆ ಹೇಳಿ. ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಕೊಲೆಯಾಯಿತು. ಇದರ ಹಿಂದೆ ಸರ್ಬಿಯಾದ ಕೈವಾಡವಿದೆ ಎಂದು ಆಸ್ಟ್ರಿಯಾ ದೂರಿತು. ಜುಲೈ 5 ಮತ್ತು 6ರಂದು ಜರ್ಮನಿ, ಏನೇ ಆದರೂ ನಿಮ್ಮ ಬೆನ್ನಿಗಿದ್ದೇವೆ ಎಂದು ಆಸ್ಟ್ರಿಯಾಕ್ಕೆ ಮಾತು ಕೊಟ್ಟಿತು. ಆದರೂ ಸರ್ಬಿಯಾಕ್ಕೆ ಎಚ್ಚರಿಕೆ ಕೊಡಲು ಆಸ್ಟ್ರಿಯಾ ಎರಡು ವಾರಕ್ಕೂ ಹೆಚ್ಚು ತಡ ಮಾಡಿತು. ಯಾಕೆ ಎಂಬುದನ್ನು ಇಲ್ಲಿಯ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ: ಸೈನಿಕರು ಕುಯ್ಲಿನ ರಜೆಯ ಮೇಲೆ ಊರಿಗೆ ಹೋಗಿದ್ದರು. ಹಂಗೇರಿಯ ಪ್ರಧಾನಿ ಟಿಸಾ ಮೊದಲು ಒಪ್ಪಲಿಲ್ಲ. ಮೇಲಾಗಿ ಫ್ರಾನ್ಸಿನ ಅಧ್ಯಕ್ಷ ಪ್ವಾಂಕಾರೆ ಆಗ ರಷ್ಯಾದಲ್ಲೇ ಇದ್ದರು, ಫ್ರಾನ್ಸ್, ರಷ್ಯಾ ಒಟ್ಟಿಗೆ ಕೂತು ತೀರ್ಮಾನಿಸದಂತೆ ಅವರು ಹಡಗು ಹತ್ತುವವರೆಗೆ ಕಾಯಬೇಕಿತ್ತು.

ಆಟದ ಮೊದಲ ಚೀಟಿ ಸರ್ಬಿಯಾಕ್ಕೆ ಆಸ್ಟ್ರಿಯಾ ಕೊಟ್ಟ ಹತ್ತು ಬೇಡಿಕೆಗಳ ಅಂತಿಮ ಎಚ್ಚರಿಕೆ. ಗಡುವು 48 ಗಂಟೆ, ನಿಮ್ಮ ಗಡಿಯಾರದಲ್ಲಿ 10 ನಿಮಿಷ. ಅಂಚೆಯ ಒಂದೊಂದು ನಿಮಿಷ ಕಳೆದರೆ, ಸರ್ಬಿಯಾ ತನ್ನ ಬೆಂಬಲಿಗ ರಷ್ಯಾವನ್ನು ಕೇಳಿ ಉತ್ತರ ತರಿಸಿಕೊಳ್ಳುವಷ್ಟರಲ್ಲಿ ಗಡುವು ಮುಗಿಯುತ್ತಾ ಬಂದಿರುತ್ತದೆ. ಮಕ್ಕಳು ಚಡಪಡಿಸುತ್ತಾರೆ, ಚಡಪಡಿಸಲಿ, ಸಮಯ ಹೆಚ್ಚಿಸಬೇಡಿ. ಆರನೇ ಬೇಡಿಕೆಯನ್ನು ಮಾತ್ರ ದೊಡ್ಡಕ್ಷರದಲ್ಲಿ ಬರೆಯಿರಿ: ಸರ್ಬಿಯಾ ನೆಲದಲ್ಲಿ ನಡೆಯುವ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳೂ ಸೇರಬೇಕು. ಸರ್ಬಿಯಾ ಖಡಾಖಂಡಿತವಾಗಿ ಒಪ್ಪದೆ ಹೋದದ್ದು ಇದೊಂದನ್ನು. ಮಿಕ್ಕವಕ್ಕೆ ಕೆಲವು ಕಡೆ ಪೂರ್ತಿ, ಕೆಲವು ಕಡೆ ಜಾರಿಕೊಳ್ಳುವ ಮಾತಿನಲ್ಲಿ ಒಪ್ಪಿಗೆ ಬಂತು. ಜುಲೈ 25ರ ಸಂಜೆ ಆರಕ್ಕೆ ಇನ್ನೇನು ಕೆಲವೇ ನಿಮಿಷ ಇದ್ದಾಗ ಪ್ರಧಾನಿ ಪಾಶಿಚ್ ಆ ಉತ್ತರವನ್ನು ಸ್ವತಃ ತಂದು ಕೊಟ್ಟರು. ಆಸ್ಟ್ರಿಯಾದ ರಾಯಭಾರಿ ಗೀಸ್ಲ್ ಅದರ ಮೇಲೆ ಕಣ್ಣಾಡಿಸಿ, ಸಂಬಂಧ ಮುರಿದ ಪತ್ರ ಕಳಿಸಿ, ಆರೂವರೆಯ ರೈಲು ಹತ್ತಿ ಹೊರಟರು. ಅವರ ಪೆಟ್ಟಿಗೆ ಮೊದಲೇ ಕಟ್ಟಿಯಾಗಿತ್ತು. ಇದನ್ನು ಆಟದ ಮೊದಲು ಹೇಳಬೇಡಿ, ಆಮೇಲೆ ಹೇಳಿ.

ಎರಡನೇ ಮುಖ್ಯ ಸಾಮಗ್ರಿ ಸೇನಾ ಮುಖ್ಯಸ್ಥರಿಗೆ ಮಾತ್ರ ಕೊಡುವ ಮುಚ್ಚಿದ ಲಕೋಟೆ. ರಷ್ಯಾದ ಲಕೋಟೆಯಲ್ಲಿ ಹೀಗಿರಲಿ: 'ಆಸ್ಟ್ರಿಯಾದ ವಿರುದ್ಧ ಮಾತ್ರ ಸೇನೆ ಸೇರಿಸಲು ಸರಿಯಾದ ಯೋಜನೆ ಇಲ್ಲ. ಅರ್ಧ ಜಮಾವಣೆ ಮಾಡಿದರೆ ಆಮೇಲೆ ಪೂರ್ತಿ ಜಮಾವಣೆ ಕೆಡುತ್ತದೆ.' ಜರ್ಮನಿಯದರಲ್ಲಿ: 'ರಷ್ಯಾ ಸೇನೆ ಸೇರಿಸಿದರೆ ನಾವು ಮೊದಲು ಬೆಲ್ಜಿಯಂ ಮೂಲಕ ರಷ್ಯಾದ ಮಿತ್ರ ಫ್ರಾನ್ಸಿನ ಮೇಲೆ ಹೋಗಬೇಕು. ತಡ ಮಾಡಿದರೆ ಸೋಲು.'

ಜಮಾವಣೆಯನ್ನು ಯಾಕೆ ತಡೆಯಲಾಗದು ಎಂದು ಮಕ್ಕಳು ಕೇಳೇ ಕೇಳುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿ ನೆನಪಿಸಿ: ಒಂದೇ ಹಳಿ, 57 ಸುರಂಗ. ಯಾವ ಗಾಡಿ ಎಲ್ಲಿ ನಿಂತು ಎದುರಿನದಕ್ಕೆ ದಾರಿ ಬಿಡಬೇಕು ಎಂಬುದು ಮೊದಲೇ ನಿಗದಿ. ನಡುವೆ ಒಂದನ್ನು ತಡೆದರೆ ಹಿಂದಿನವೆಲ್ಲ ಸಾಲಾಗಿ ನಿಲ್ಲುತ್ತವೆ. ಇಂಥ ಸಾವಿರಾರು ಗಾಡಿಗಳಲ್ಲಿ ಲಕ್ಷಗಟ್ಟಲೆ ಸೈನಿಕರು ಎಂದರೆ ಸಾಕು, ಅರ್ಥವಾಗುತ್ತದೆ.

ಆಟ ಕೆಡುವುದು ಎಲ್ಲಿ? ಮುಖ್ಯಸ್ಥನಾದವನು ಉಳಿದ ನಾಲ್ವರನ್ನು ಕೇಳದೆ ಎಲ್ಲವನ್ನೂ ತಾನೇ ತೀರ್ಮಾನಿಸುತ್ತಾನೆ. ಅದಕ್ಕೇ ಪ್ರತಿ ಚೀಟಿಗೂ ಇಬ್ಬರ ಸಹಿ ಕಡ್ಡಾಯ ಮಾಡಿ. ಬ್ರಿಟನ್ ಗುಂಪಿಗೆ ಮೊದಲರ್ಧ ಬೇಸರ ಬರುತ್ತದೆ. ನಾಲ್ಕು ದೇಶಗಳ ಸಭೆ ಕರೆಯುವ ಅಧಿಕಾರ ಕೊಡಿ, ಜುಲೈ 26ರಂದು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಗ್ರೇ ಮಾಡಿದ್ದೂ ಅದನ್ನೇ. ಆಟದಲ್ಲಿ ಯುದ್ಧ ತಪ್ಪಿಹೋದರೆ ಅದು ಸೋಲಲ್ಲ. ಚರ್ಚೆಗೆ ಅದಕ್ಕಿಂತ ಒಳ್ಳೆಯ ವಸ್ತು ಬೇರೆ ಸಿಗದು.

ಕೊನೆಯ 25 ನಿಮಿಷ ಚೀಟಿಗಳನ್ನು ಹೊತ್ತಿನ ಪ್ರಕಾರ ನೆಲದ ಮೇಲೆ ಜೋಡಿಸಿ. ತಪ್ಪು ಯಾರದು ಎಂದು ಕೇಳಬೇಡಿ, ಮಕ್ಕಳು ಒಂದೇ ದೇಶದ ಮೇಲೆ ಬೀಳುತ್ತಾರೆ. ಯಾವ ಚೀಟಿ ತಡವಾಗಿ ತಲುಪಿತು ಎಂದು ಕೇಳಿ. ಜುಲೈ 28ರ ಬೆಳಿಗ್ಗೆ ಜರ್ಮನಿಯ ಚಕ್ರವರ್ತಿ ಕೈಸರ್ ವಿಲ್‌ಹೆಲ್ಮ್ ಸರ್ಬಿಯಾದ ಉತ್ತರ ಓದಿ, ಯುದ್ಧಕ್ಕೆ ಇನ್ನು ಕಾರಣವೇ ಉಳಿದಿಲ್ಲ ಎಂದು ಬರೆದರು. ಅದೇ ದಿನ ಆಸ್ಟ್ರಿಯಾ ಯುದ್ಧ ಘೋಷಿಸಿದ ತಂತಿ ಸರ್ಬಿಯಾಕ್ಕೆ ಹೋಯಿತು. ಈ ಎರಡು ಚೀಟಿಗಳನ್ನು ಪಕ್ಕಪಕ್ಕ ಇಡಿಸಿ.

ಮುಂದಿನ ತಿಂಗಳು ಸಾಧ್ಯವಾದರೆ ಸಕಲೇಶಪುರದ ಮಂಜರಾಬಾದ್ ಕೋಟೆಗೆ ಕರೆದೊಯ್ಯಿರಿ. ಟಿಪ್ಪು ಸುಲ್ತಾನ್ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಕೋಟೆ ಅದು. ಅಲ್ಲಿ ಕೊಡಬೇಕಾದ ಉದಾಹರಣೆ 1914ಕ್ಕೆ ತದ್ವಿರುದ್ಧ: ಆಗ ಹೊತ್ತು ಸಾಲಲಿಲ್ಲ, ಇಲ್ಲಿ ತಿಂಗಳುಗಟ್ಟಲೆ ಹೊತ್ತಿತ್ತು. 1798ರ ನವೆಂಬರ್‌ನಿಂದ ಟಿಪ್ಪು ಮತ್ತು ಬ್ರಿಟಿಷರ ಗವರ್ನರ್ ಜನರಲ್ ವೆಲ್ಲೆಸ್ಲಿ ನಡುವೆ ಪತ್ರಗಳು ಓಡಾಡಿದವು. ಇತ್ತ ಟಿಪ್ಪುವಿಗೆ ಫ್ರೆಂಚರ ನೆರವಿನ ನಿರೀಕ್ಷೆ, ಅತ್ತ ವೆಲ್ಲೆಸ್ಲಿಗೆ ಸೈನ್ಯ ಸಜ್ಜು ಮಾಡುವ ಕೆಲಸ. ಬ್ರಿಟಿಷ್ ಅಧಿಕಾರಿ ಮೇಜರ್ ಡೋವ್ಟನ್‌ನನ್ನು ಮಾತುಕತೆಗೆ ಕಳಿಸಿ ಎಂಬ ಟಿಪ್ಪುವಿನ ಒಪ್ಪಿಗೆ ತಲುಪಿದ್ದು 1799ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಸೈನ್ಯಕ್ಕೆ ಹೊರಡುವ ಆದೇಶವಾಗಿತ್ತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಈ ತಾರೀಖುಗಳನ್ನೂ ಚೀಟಿಯಲ್ಲಿ ಬರೆದು ಒಯ್ದು, ಕೋಟೆಯೊಳಗೆ ನೆರಳಿರುವ ಕಡೆ ಜೋಡಿಸಿ. ಮಳೆಗಾಲದಲ್ಲಿ ಬೇಡ, ಮೆಟ್ಟಿಲು ಜಾರುತ್ತದೆ. ಡಿಸೆಂಬರ್ ಆದರೆ ಬೆಳಿಗ್ಗೆ ಹತ್ತರ ಮೇಲೆ ಹೋಗಿ, ಮಂಜು ಹರಿದಿರುತ್ತದೆ.